ಕಡಿಮೆ ದುಡ್ಡಿನ ಸ್ಲ್ಯಾಷರ್ ಸಿನಿಮಾ: ವಿಮರ್ಶಕರು ಬೈದಿದ್ದು ಯಾರನ್ನು?

ಕೊನೆಸಾಲು:

ಶನಿವಾರ ರಾತ್ರಿ ‘ಹ್ಯಾಲೊವೀನ್’ ಮತ್ತೆ ಹಾಕಿಕೊಂಡು ಕೂತೆ. ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಕಥೆ, ಸ್ಲ್ಯಾಷರ್ ಅನ್ನುತ್ತಾರಲ್ಲ, ಅದು. 1978ರದ್ದು, ಜಾನ್ ಕಾರ್ಪೆಂಟರ್ ನಿರ್ದೇಶನದ್ದು. ಕೊನೆಯ ಹೊತ್ತಿಗೆ ಒಂದು ದೃಶ್ಯ ಬರುತ್ತದಲ್ಲ, ಅದನ್ನು ನಾಲ್ಕು ಸಲ ಹಿಂದೆ ಹಾಕಿ ನೋಡಿದೆ. ನಾಯಕಿ ಲಾರಿ ತನ್ನ ಗೆಳತಿಯ ಹೆಣ ನೋಡಿದ್ದಾಳೆ. ಅಳುತ್ತಾ ಗೋಡೆಗೆ ಒರಗಿ ನಿಂತಿದ್ದಾಳೆ. ಪಕ್ಕದಲ್ಲಿ ತೆರೆದ ಬಾಗಿಲು, ಒಳಗೆ ಬರೀ ಕತ್ತಲೆ. ಸ್ವಲ್ಪ ಹೊತ್ತಿಗೆ ಆ ಕತ್ತಲೆಯಲ್ಲಿ ಬೆಳ್ಳಗೆ ಏನೋ ಇದೆ ಅನ್ನಿಸುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಕಣ್ಣು ಒಗ್ಗಿಕೊಂಡ ಹಾಗೆ ಕೋಣೆಯ ಸಾಮಾನು ಒಂದೊಂದಾಗಿ ಕಾಣುತ್ತದಲ್ಲ, ಹಾಗೇ ಕೊಲೆಗಾರನ ಮುಖವಾಡ ಕಾಣಿಸಿಕೊಳ್ಳುತ್ತದೆ. ಛಾಯಾಗ್ರಾಹಕ ಡೀನ್ ಕಂಡಿ ಒಂದು ಪುಟ್ಟ ದೀಪಕ್ಕೆ ಡಿಮ್ಮರ್ ಹಾಕಿ, ಬೆಳಕನ್ನು ಒಂಚೂರು ಒಂಚೂರೇ ಏರಿಸಿ ಮಾಡಿದ್ದು ಅದು. ಮೈ ಜುಮ್ಮೆನ್ನುತ್ತದೆ.

ಇಡೀ ಸಿನಿಮಾಗೆ ಖರ್ಚಾಗಿದ್ದು ಸುಮಾರು 3 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಆಗಲೂ ಅದು ಪುಡಿಗಾಸು. ಆ ಮುಖವಾಡ ಅಂಗಡಿಯಲ್ಲಿ ಎರಡು ಡಾಲರ್ ಆಸುಪಾಸಿಗೆ ಕೊಂಡ, ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವಾಡ. ಬಿಳಿ ಬಣ್ಣ ಬಳಿದರು, ಅಷ್ಟೇ. ಕಥೆ ನಡೆಯುವುದು ಇಲಿನಾಯ್‌ನಲ್ಲಿ, ಎಲೆ ಉದುರುವ ಅಕ್ಟೋಬರ್‌ನಲ್ಲಿ. ಚಿತ್ರೀಕರಣ ಆಗಿದ್ದು ಕ್ಯಾಲಿಫೋರ್ನಿಯಾದಲ್ಲಿ, ವಸಂತ ಕಾಲದಲ್ಲಿ. ಹಾಗಾಗಿ ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲುತ್ತಿದ್ದರು. ಶಾಟ್ ಮುಗಿದ ಮೇಲೆ ಅವನ್ನೇ ಬಾಚಿಕೊಂಡು ಮುಂದಿನ ಶಾಟ್‌ಗೆ ಒಯ್ಯುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅಂದರೆ ಇದು.

ಇಷ್ಟು ಕೆಲಸ ಕಣ್ಣೆದುರಿಗೇ ಇತ್ತು. ಆದರೂ ನ್ಯೂಯಾರ್ಕರ್ ಪತ್ರಿಕೆಯಲ್ಲಿ ವಿಮರ್ಶಕಿ ಪಾಲಿನ್ ಕೇಲ್ ಅದನ್ನು ಹೀಗಳೆದು ಬರೆದರು. ಸಿನಿಮಾ ಬಿಟ್ಟು ಬೇರೆ ಬದುಕೇ ಕಾಣದ ಮನುಷ್ಯ ಈ ಕಾರ್ಪೆಂಟರ್ ಅನ್ನುವ ಧಾಟಿಯಲ್ಲಿ. ಎರಡು ವರ್ಷ ಬಿಟ್ಟು ‘ಫ್ರೈಡೇ ದ ಥರ್ಟೀನ್ತ್’ ಬಂದಾಗ ಇನ್ನೂ ಕೆಟ್ಟದಾಯಿತು. ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ವಿಮರ್ಶಕ ಜೀನ್ ಸಿಸ್ಕಲ್ ತಮ್ಮ ವಿಮರ್ಶೆಯಲ್ಲಿ ಕೊಲೆಗಾರ ಯಾರು ಅಂತ ಬೇಕೆಂದೇ ಬಿಟ್ಟುಕೊಟ್ಟರು. ಯಾರೂ ಸಿನಿಮಾ ನೋಡಬಾರದು ಅಂತ. ಅಷ್ಟಕ್ಕೇ ನಿಲ್ಲಲಿಲ್ಲ. ಸಿನಿಮಾ ಹಂಚಿದ ಪ್ಯಾರಾಮೌಂಟ್‌ನ ಮಾತೃಸಂಸ್ಥೆಯ ಮುಖ್ಯಸ್ಥ ಚಾರ್ಲ್ಸ್ ಬ್ಲೂಡಾರ್ನ್ ಅವರ ವಿಳಾಸ ಕೊಟ್ಟು, ಕಾಗದ ಬರೆದು ಸಿಟ್ಟು ತಿಳಿಸಿ ಅಂದರು. ಅದರಲ್ಲಿ ನಟಿಸಿದ್ದ ಬೆಟ್ಸಿ ಪಾಮರ್ ಅವರ ಊರಿನ ಹೆಸರನ್ನೂ ಹಾಕಿದರು.

ಇದನ್ನು ವಿಮರ್ಶೆ ಅನ್ನುವುದು ಹೇಗೆ? ನನಗನ್ನಿಸುವುದು ಇಷ್ಟು. ಅವರು ಸಿನಿಮಾವನ್ನು ನೋಡಲಿಲ್ಲ. ಅದನ್ನು ನೋಡಲು ಬಂದ ಜನರನ್ನು ನೋಡಿದರು, ಹದಿನೆಂಟು ಇಪ್ಪತ್ತರ ಹುಡುಗರನ್ನು. ಅವರ ಮೇಲಿನ ಅಸಹ್ಯವನ್ನು ಸಿನಿಮಾ ಮೇಲೆ ಹಾಕಿದರು. ದುಡ್ಡು ಕಡಿಮೆ ಇದ್ದದ್ದೂ ತಪ್ಪಾಯಿತು. ನೀವೇನು ಹೇಳುತ್ತೀರಿ? ನೋಡದವರೂ ಇಲ್ಲಿ ಇರುತ್ತಾರೆ, ದಯವಿಟ್ಟು ಆ ಕೊಲೆಗಾರರ ಹೆಸರು ಯಾರೂ ಬರೆಯಬೇಡಿ.

ಟೆಂಟ್‌ಸಿನಿಮಾ:

ಕೊನೆಸಾಲು ಅವರೇ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟಿರಿ.

‘ಹ್ಯಾಲೊವೀನ್’ ಅನ್ನು ಮೊದಲು ಎತ್ತಿ ಹಿಡಿದಿದ್ದೂ ವಿಮರ್ಶಕರೇ. 1978ರ ಅಕ್ಟೋಬರ್ 25ರಂದು ಅದು ಮೊದಲು ಬಿಡುಗಡೆಯಾಗಿದ್ದು ಕಾನ್ಸಾಸ್ ಸಿಟಿಯಲ್ಲಿ. ದೊಡ್ಡ ಜಾಹೀರಾತು ಏನೂ ಇರಲಿಲ್ಲ, ಊರಿಂದ ಊರಿಗೆ ಬಾಯಿಮಾತಲ್ಲಿ ಹರಡಿತು. ವಿಲೇಜ್ ವಾಯ್ಸ್‌ನಲ್ಲಿ ಟಾಮ್ ಆಲನ್ ಮೆಚ್ಚಿ ಬರೆದ ಮೇಲೆ ಉಳಿದ ಪತ್ರಿಕೆಯವರು ತಿರುಗಿ ನೋಡಿದರು. ವಿಮರ್ಶಕ ರಾಜರ್ ಈಬರ್ಟ್ ಅದಕ್ಕೆ ಪೂರ್ತಿ ನಾಲ್ಕು ಸ್ಟಾರ್ ಕೊಟ್ಟರು. ಹಿಚ್‌ಕಾಕ್ ಅವರ ‘ಸೈಕೊ’ ಜೊತೆ ಹೋಲಿಸಿ ಬರೆದರು. ನೀವು ಬೈದ ಸಿಸ್ಕಲ್ ಅವರಿಗೂ ಅದು ಇಷ್ಟವಾಗಿತ್ತು.

ಅಂದರೆ ಕಡಿಮೆ ದುಡ್ಡು ಅವರಿಗೆ ತೊಂದರೆ ಆಗಿರಲಿಲ್ಲ. ಸ್ಲ್ಯಾಷರ್ ಅನ್ನುವುದೂ ಅಲ್ಲ. ಆಮೇಲೆ ಬಂದದ್ದು ತೊಂದರೆ. ‘ಫ್ರೈಡೇ ದ ಥರ್ಟೀನ್ತ್’ ಹುಟ್ಟಿದ್ದು ಹೇಗೆ ನೋಡಿ. ಇನ್ನೂ ಸ್ಕ್ರಿಪ್ಟ್ ಸಿದ್ಧವಿಲ್ಲ, ಅಷ್ಟರಲ್ಲೇ ನಿರ್ದೇಶಕ ಶಾನ್ ಕನಿಂಗ್‌ಹ್ಯಾಮ್ ವೆರೈಟಿ ಪತ್ರಿಕೆಯಲ್ಲಿ ಬರೀ ಆ ಹೆಸರನ್ನು ಇಟ್ಟುಕೊಂಡು ಪೂರ್ತಿ ಪುಟದ ಜಾಹೀರಾತು ಕೊಟ್ಟರು. ‘ಹ್ಯಾಲೊವೀನ್’ ಗೆದ್ದಿದ್ದನ್ನು ನೋಡಿಯೇ ಮಾಡಿದೆವು ಅಂತ ಚಿತ್ರಕಥೆ ಬರೆದ ವಿಕ್ಟರ್ ಮಿಲ್ಲರ್ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಐದೂವರೆ ಲಕ್ಷ ಡಾಲರ್ ಖರ್ಚು. ಅಮೆರಿಕದಲ್ಲೇ ಸುಮಾರು 4 ಕೋಟಿ ಡಾಲರ್ ಗಳಿಕೆ. ಆಮೇಲೆ ಕೇಳಬೇಕಾ? ‘ಪ್ರಾಮ್ ನೈಟ್’, ‘ಟೆರರ್ ಟ್ರೇನ್’, ‘ಹ್ಯಾಪಿ ಬರ್ತ್‌ಡೇ ಟು ಮಿ’, ‘ದ ಬರ್ನಿಂಗ್’, ‘ದ ಪ್ರೌಲರ್’. ಎರಡೇ ವರ್ಷದಲ್ಲಿ ಇಷ್ಟು, ಇನ್ನೂ ಇವೆ. ಪ್ರತಿ ಸಲ ಅದೇ ಹುಡುಗರ ಗುಂಪು, ಅದೇ ಕತ್ತಲೆ, ಅದೇ ಚಾಕು. ವಾರವಾರ ಹೋಗಿ ಕೂತು ಬರೆಯುವವರಿಗೆ ಎಷ್ಟು ಬೇಸರ ಬಂದಿರಬೇಡ?

ನಾನೂ ಈ ಸಿನಿಮಾಗಳ ಅಭಿಮಾನಿಯೇ. ಇವುಗಳಲ್ಲಿ ಅರ್ಧ ನಿಜಕ್ಕೂ ಚೆನ್ನಾಗಿಲ್ಲ.

ಅಡಕೆತೋಟ:

ನಾನು ಬೇರೆ ಕಡೆಯಿಂದ ಬರುತ್ತೇನೆ.

1980ರ ಶರತ್ಕಾಲದಲ್ಲಿ ಸಿಸ್ಕಲ್ ಮತ್ತು ಈಬರ್ಟ್ ತಮ್ಮ ಟಿವಿ ಕಾರ್ಯಕ್ರಮದ ಒಂದು ಇಡೀ ಕಂತನ್ನು ಈ ವಿಷಯಕ್ಕೇ ಮೀಸಲಿಟ್ಟರು. ಅಪಾಯದಲ್ಲಿರುವ ಹೆಣ್ಣುಮಕ್ಕಳನ್ನು ತೋರಿಸುವ ಸಿನಿಮಾಗಳ ಬಗ್ಗೆ. ಅವರ ದೂರು ರಕ್ತದ ಬಗ್ಗೆ ಇರಲಿಲ್ಲ, ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನುವುದರ ಬಗ್ಗೆ ಇತ್ತು. ನಾವು ಕೊಲೆಗಾರನ ಕಣ್ಣಿನಿಂದ ನೋಡುತ್ತೇವೆ, ಹುಡುಗಿಯನ್ನು ಬೇಟೆಯ ಹಾಗೆ ನೋಡುತ್ತೇವೆ, ಅವಳ ನೋವು ನಮಗೆ ತಟ್ಟುವುದಿಲ್ಲ ಅಂದರು. ‘ಹ್ಯಾಲೊವೀನ್’ ಅನ್ನು ಇದರಿಂದ ಹೊರಗಿಟ್ಟರು. ಅದರಲ್ಲಿ ನಾವು ಹುಡುಗಿಯ ಪರವಾಗಿ ಇರುತ್ತೇವೆ ಅಂತ.

ಕೊನೆಸಾಲು ಅವರು ಪ್ರೇಕ್ಷಕರ ಮೇಲಿನ ಅಸಹ್ಯ ಅಂದರು. ಆ ಅಸಹ್ಯ ಎಲ್ಲಿಂದ ಬಂತು ಅಂತ ನೋಡಬೇಕು. ಅದೇ ವರ್ಷ ಈಬರ್ಟ್ ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ ನೋಡಲು ಹೋಗಿದ್ದರು. ಅದು ಸ್ಲ್ಯಾಷರ್ ಅಲ್ಲ, ಗೊತ್ತು. ಆದರೆ ಪರದೆ ಮೇಲೆ ಹೆಣ್ಣಿನ ಮೇಲೆ ಅತ್ಯಾಚಾರ ಆಗುವಾಗ ಅಕ್ಕಪಕ್ಕ ಕೂತವರು ಜೋರಾಗಿ ಹುರಿದುಂಬಿಸುತ್ತಿದ್ದರು. ಅದನ್ನು ಅವರು ಬರೆದಿದ್ದಾರೆ. ಅವರು ಮನೆಯಲ್ಲಿ ಕೂತು ಜನರನ್ನು ಕಲ್ಪಿಸಿಕೊಂಡು ಬೈದವರಲ್ಲ. ಜನರ ನಡುವೆಯೇ ಕೂತಿದ್ದರು.

ನನಗೂ ಇದು ಗೊತ್ತು. ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ಹಾಸ್ಟೆಲ್ ಗೆಳತಿಯರ ಜೊತೆ ಒಂದು ಸ್ಲ್ಯಾಷರ್ ಸಿನಿಮಾ ನೋಡಲು ಥಿಯೇಟರ್‌ಗೆ ಹೋಗಿದ್ದೆ. ಹುಡುಗಿ ಸ್ನಾನದ ಮನೆಯಲ್ಲಿ ಸಿಕ್ಕಿಬಿದ್ದಳು. ಹಿಂದಿನ ಸಾಲಿನಿಂದ ಶಿಳ್ಳೆ. ಅವಳಿಗೆ ಚಾಕು ಬಿದ್ದಾಗ ಚಪ್ಪಾಳೆ. ನಾವು ಐದು ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತೆವು. ಸಿನಿಮಾಗೆ ಹೆದರಿ ಅಲ್ಲ. ಇಂಟರ್ವಲ್‌ನಲ್ಲಿ ಎದ್ದು ಬಂದೆವು. ಅದೇ ಸಿನಿಮಾವನ್ನು ಆಮೇಲೆ ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ನೋಡಿದೆವು. ಆಗ ನಾವೇ ಕೂಗಿದೆವು, ಓಡೇ, ಹಿಂದೆ ತಿರುಗಬೇಡ್ವೇ ಅಂತ. ಕೊನೆಯ ಹುಡುಗಿ ಕೊಲೆಗಾರನನ್ನು ಹೊಡೆದು ಕೆಡವಿದಾಗ ಹಾಸಿಗೆ ಮೇಲೆ ಎದ್ದು ಕುಣಿದೆವು. ಸಿನಿಮಾ ಒಂದೇ. ನೋಡಿದ ಜಾಗ ಬೇರೆ.

ಈ ಎರಡನೆಯ ನೋಟವನ್ನು ಹಿಡಿದವರು ಕ್ಯಾರಲ್ ಕ್ಲೋವರ್. ಬರ್ಕ್‌ಲಿಯಲ್ಲಿ ಹಳೆಯ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯ, ಸಾಹಿತ್ಯ ಪಾಠ ಮಾಡುತ್ತಿದ್ದವರು. ಗೆಳೆಯರೊಬ್ಬರು ಪಂಥ ಕಟ್ಟಿದ್ದಕ್ಕೆ ‘ಟೆಕ್ಸಸ್ ಚೈನ್ ಸಾ ಮ್ಯಾಸಕರ್’ ನೋಡಿದರು. ಆಮೇಲೆ 1987ರಲ್ಲಿ ಒಂದು ಲೇಖನ ಬರೆದರು, 1992ರಲ್ಲಿ ಪುಸ್ತಕ. ನಾವೆಲ್ಲ ಈಗ ಸಲೀಸಾಗಿ ಬಳಸುವ ‘ಫೈನಲ್ ಗರ್ಲ್’ ಅನ್ನುವ ಮಾತು ಅವರದ್ದು. ಕೊನೆಯಲ್ಲಿ ಉಳಿಯುವ ಹುಡುಗಿಯ ಜೊತೆ ಗಂಡು ಹುಡುಗರೂ ಹೆದರುತ್ತಾರೆ, ಅವಳ ಕಣ್ಣಿನಿಂದಲೇ ನೋಡುತ್ತಾರೆ ಅಂತ ಅವರು ಬರೆದರು. ಹಾಗಂತ ಈ ಸಿನಿಮಾಗಳು ಹೆಣ್ಣಿನ ಪರ ಅಂತ ಅವರು ಪ್ರಮಾಣಪತ್ರ ಕೊಡಲಿಲ್ಲ. ಅದನ್ನು ನಮ್ಮ ಕಡೆಯವರು ಬಿಟ್ಟುಬಿಡುತ್ತಾರೆ.

ಕೊನೆಸಾಲು:

ಅಡಕೆತೋಟ ಮೇಡಂ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಹಿಂದಿನ ಸಾಲಿನ ಶಿಳ್ಳೆ ನಾನೂ ಕೇಳಿದ್ದೇನೆ. ಆ ದಿನ ಸುಮ್ನೆ ಕೂತಿದ್ದೆ. ಪ್ರೇಕ್ಷಕರ ಬಗ್ಗೆ ನಾನು ಹೇಳಿದ್ದು ಅರ್ಧ ಸತ್ಯ, ಒಪ್ಪುತ್ತೇನೆ. ಟೆಂಟ್‌ಸಿನಿಮಾ ಸರ್, ಕೇಲ್ ಒಬ್ಬರನ್ನು ಹಿಡಿದು ಎಲ್ಲರ ಮೇಲೆ ಹೊರಿಸಿದ್ದೂ ತಪ್ಪು.

ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಕೊಲೆಗಾರನ ಕಣ್ಣಿನ ಕ್ಯಾಮೆರಾ ತಪ್ಪು ಅಂದರೆ, ‘ಹ್ಯಾಲೊವೀನ್’ ಶುರುವಾಗುವುದೇ ಹಾಗಲ್ವಾ? ಮನೆಯ ಹೊರಗಿಂದ ಕಿಟಕಿಯಲ್ಲಿ ಇಣುಕಿ, ಅಡುಗೆಮನೆಗೆ ಹೋಗಿ ಚಾಕು ತೆಗೆದುಕೊಂಡು, ಮೆಟ್ಟಿಲು ಹತ್ತಿ, ಮುಖವಾಡದ ಎರಡು ತೂತಿನಿಂದ ನೋಡುತ್ತಾ ಅಕ್ಕನನ್ನು ಕೊಲ್ಲುತ್ತೇವೆ. ಆಮೇಲೆ ಹೊರಗೆ ಬಂದಾಗ ಯಾರೋ ಮುಖವಾಡ ಕಿತ್ತರೆ ಅದು ಆರು ವರ್ಷದ ಮಗು, ಕೈಯಲ್ಲಿ ಚಾಕು. ಇಷ್ಟು ಹೊತ್ತು ನಾವು ಯಾರ ಕಣ್ಣಲ್ಲಿದ್ದೆವು ಅಂತ ಗೊತ್ತಾದಾಗ ಹೊಟ್ಟೆ ತೊಳಸುತ್ತದೆ. ಕ್ಯಾಮೆರಾ ಅದೇ, ಜಾಗವೂ ಅದೇ. ಅದರಿಂದ ಏನು ಮಾಡಿದರು ಅನ್ನುವುದು ಬೇರೆ. ಅದನ್ನು ಒಂದೊಂದು ಸಿನಿಮಾಗೂ ಬಿಡಿಸಿ ನೋಡುವುದು ವಿಮರ್ಶಕರ ಕೆಲಸ. 1980ರ ನಂತರ ಆ ತಾಳ್ಮೆ ಹೋಯಿತು ಅಂತ ನನ್ನ ದೂರು.

ತಕಿಟ:

ಮೃದಂಗ ಕಲಿಯುತ್ತಿದ್ದೇನೆ, ಅದಕ್ಕೇ ಇದು ತಲೆಗೆ ಹತ್ತಿತು. ‘ಹ್ಯಾಲೊವೀನ್’ ಸಂಗೀತ ಐದರ ಲೆಕ್ಕದ್ದು. ಪಿಯಾನೊ ಜೊತೆ ಕೈಯಲ್ಲಿ ಎಣಿಸಿ ನೋಡಿ. ತಕಿಟ ತಕಿಟ ತಕ ತಕ. ಮೂರು, ಮೂರು, ಎರಡು, ಎರಡು. ಸಮಕ್ಕೆ ಬಂತು ಅನ್ನುವಷ್ಟರಲ್ಲಿ ಜಾರಿ ಹೋಗುತ್ತದೆ. ನಿಮಗೆ ತಾಳ ಗೊತ್ತಿಲ್ಲದಿದ್ದರೂ ಕಾಲು ತಡವರಿಸಿದ ಹಾಗೆ ಅನ್ನಿಸುವುದು ಅದಕ್ಕೇ. ಕಾರ್ಪೆಂಟರ್‌ಗೆ ಈ ಲೆಕ್ಕ ಹೇಳಿಕೊಟ್ಟಿದ್ದು ಅವರ ತಂದೆ, ಚಿಕ್ಕಂದಿನಲ್ಲಿ ಬಾಂಗೊ ಮೇಲೆ. ಬೇರೆ ಸಂಗೀತ ನಿರ್ದೇಶಕರಿಗೆ ಕೊಡಲು ದುಡ್ಡಿರಲಿಲ್ಲ, ತಾವೇ ಮೂರು ದಿನದಲ್ಲಿ ಮಾಡಿ ಮುಗಿಸಿದರು.

ಸಂಗೀತ ಹಾಕುವ ಮೊದಲು ಸ್ಟುಡಿಯೋ ಅಧಿಕಾರಿಯೊಬ್ಬರಿಗೆ ಸಿನಿಮಾ ತೋರಿಸಿದ್ದರಂತೆ. ಆಕೆಗೆ ಎಲ್ಲೂ ಹೆದರಿಕೆ ಆಗಲಿಲ್ಲ. ಇದನ್ನು ಕಾರ್ಪೆಂಟರ್ ಅವರೇ ಹೇಳಿಕೊಂಡಿದ್ದಾರೆ. ಹಾಗಿದ್ದರೂ ಸ್ಲ್ಯಾಷರ್ ಸಿನಿಮಾ ವಿಮರ್ಶೆಗಳಲ್ಲಿ ಸದ್ದಿನ ಬಗ್ಗೆ ಒಂದು ಪ್ಯಾರಾ ಸಿಗುವುದೇ ಅಪರೂಪ. ಯಾಕೋ ಗೊತ್ತಿಲ್ಲ.

ಬಣ್ಣದಡಬ್ಬಿ:

ನಾನು ಸಣ್ಣಪುಟ್ಟ ಸಿನಿಮಾಗಳಿಗೆ ಮೇಕಪ್ ಮಾಡುತ್ತೇನೆ. ಗಾಯ, ಸುಟ್ಟ ಚರ್ಮ, ಕುತ್ತಿಗೆ ಕೊಯ್ದದ್ದು, ಇಂಥವು. ಈ ಚರ್ಚೆ ನೋಡಿ ಬರೆಯದೆ ಇರಲಾಗಲಿಲ್ಲ.

‘ಫ್ರೈಡೇ ದ ಥರ್ಟೀನ್ತ್’ನಲ್ಲಿ ನಟ ಕೆವಿನ್ ಬೇಕನ್ ಅವರ ಪಾತ್ರ ಸಾಯುವ ದೃಶ್ಯ ನೆನಪಿದೆಯಾ? ಮಂಚದ ಮೇಲೆ ಮಲಗಿದ್ದಾರೆ, ಕೆಳಗಿಂದ ಬಾಣ ಕುತ್ತಿಗೆ ಸೀಳಿಕೊಂಡು ಮೇಲೆ ಬರುತ್ತದೆ. ಅದನ್ನು ಮಾಡಿದ್ದು ಟಾಮ್ ಸಾವಿನಿ. ವಿಯೆಟ್ನಾಂ ಯುದ್ಧದಲ್ಲಿ ಫೋಟೊಗ್ರಾಫರ್ ಆಗಿದ್ದವರು. ನಿಜವಾದ ಗಾಯ ಹೇಗಿರುತ್ತದೆ ಅಂತ ಕಣ್ಣಾರೆ ಕಂಡವರು. ಮಂಚದಲ್ಲಿ ತೂತು ಮಾಡಿ ನಟನ ತಲೆ ಮಾತ್ರ ಮೇಲೆ ಬರುವ ಹಾಗೆ ಕೂರಿಸಿದರು. ದೇಹ ಮಂಚದ ಕೆಳಗೆ. ಮೇಲೆ ಕಾಣುವ ಕುತ್ತಿಗೆ, ಎದೆ ಎರಡೂ ನಕಲಿ. ಶಾಟ್ ನಡೆಯುವಾಗ ರಕ್ತದ ಪಂಪಿನ ಕೊಳವೆ ಕಳಚಿಕೊಂಡಿತು. ಮತ್ತೊಮ್ಮೆ ಮಾಡಲು ಇನ್ನೊಂದು ಕುತ್ತಿಗೆ ಇಲ್ಲ. ಮಂಚದ ಕೆಳಗಿದ್ದ ಸಹಾಯಕ ಆ ಕೊಳವೆಯನ್ನು ಬಾಯಿಗಿಟ್ಟುಕೊಂಡು ಜೋರಾಗಿ ಊದಿದರು. ನಾವು ನೋಡುವ ರಕ್ತ ಹಾಗೆ ಚಿಮ್ಮಿದ್ದು. ಪಂಪಿನಿಂದ ಬಂದಿದ್ದರೆ ಒಂದೇ ಸಮ ಬರುತ್ತಿತ್ತು. ಉಸಿರಿನಿಂದ ಬಂದಿದ್ದಕ್ಕೆ ಆ ಬುಗ್ಗೆ ಬಂತು ಅಂತ ನನಗನ್ನಿಸುತ್ತದೆ.

ಮೊದಲ ರಾಜಿ ಪ್ರಶಸ್ತಿಗಳಲ್ಲಿ, ಅಂದರೆ ವರ್ಷದ ಅತಿ ಕೆಟ್ಟ ಸಿನಿಮಾಗೆ ಕೊಡುತ್ತಾರಲ್ಲ ಅದರಲ್ಲಿ, ಈ ಸಿನಿಮಾದ ಹೆಸರೂ ಇತ್ತು. ಅದೇ ವರ್ಷ ‘ದ ಶೈನಿಂಗ್’ಗಾಗಿ ಸ್ಟ್ಯಾನ್ಲಿ ಕುಬ್ರಿಕ್ ಹೆಸರೂ ಅತಿ ಕೆಟ್ಟ ನಿರ್ದೇಶಕರ ಪಟ್ಟಿಯಲ್ಲಿತ್ತು.

ಈಗ ನನ್ನ ಕಥೆ. ಮೂರು ವರ್ಷದ ಹಿಂದೆ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಲವತ್ತು ನಿಮಿಷದ ಒಂದು ಸ್ಲ್ಯಾಷರ್ ಮಾಡಿದೆವು. ನಾವು ಒಂಬತ್ತು ಜನ. ಒಬ್ಬರ ಚಿಕ್ಕಪ್ಪನ ತೋಟ, ಹಾಗಾಗಿ ಜಾಗಕ್ಕೆ ಬಾಡಿಗೆ ಇಲ್ಲ. ರಕ್ತ ನಾನೇ ಕುದಿಸಿದೆ. ಸಕ್ಕರೆ ಪಾಕ, ಕೆಂಪು ಫುಡ್ ಕಲರ್, ಸ್ವಲ್ಪ ಕೋಕೊ ಪುಡಿ. ಕೋಕೊ ಹಾಕದಿದ್ದರೆ ರೂಹ್ ಅಫ್ಜಾ ಥರ ಕಾಣುತ್ತದೆ. ಪಾಕ ಜಾಸ್ತಿ ಬಂದರೆ ಕ್ಯಾಮೆರಾಗೆ ಹರಿಯುವುದೇ ಇಲ್ಲ, ಎಳೆ ಎಳೆಯಾಗಿ ನಿಲ್ಲುತ್ತದೆ. ಹೆಣವಾಗಿ ಮಲಗಿದ್ದ ಹುಡುಗಿ ರಾತ್ರಿ ಎರಡು ಗಂಟೆವರೆಗೆ ತರಗೆಲೆ ಮೇಲೆ ಅಲುಗಾಡದೆ ಮಲಗಿದ್ದಳು. ಸಕ್ಕರೆ ಅಲ್ವಾ, ಇರುವೆ ಬಂದವು. ಕುತ್ತಿಗೆ ಮೇಲೆ ಸಾಲುಗಟ್ಟಿದವು. ಅವಳು ಕಟ್ ಹೇಳುವವರೆಗೂ ಕಣ್ಣು ತೆರೆಯಲಿಲ್ಲ. ಆ ಇರುವೆಗಳು ಶಾಟ್‌ನಲ್ಲಿ ಇವೆ. ಇಡೀ ಸಿನಿಮಾದಲ್ಲಿ ಅದಕ್ಕಿಂತ ಹೆದರಿಕೆ ಹುಟ್ಟಿಸುವುದು ಬೇರೆ ಇಲ್ಲ.

ಒಂದು ಚಾನೆಲ್‌ನವರು ಅದನ್ನು ರಿವ್ಯೂ ಮಾಡಿದರು. ಒಂದೇ ಸಾಲು. ಬಜೆಟ್ ಕಡಿಮೆ ಇರುವುದು ಎದ್ದು ಕಾಣುತ್ತದೆ ಅಂತ. ಚೆನ್ನಾಗಿಲ್ಲ ಅಂದಿದ್ದರೆ ನನಗೆ ಬೇಜಾರಿರಲಿಲ್ಲ. ಎಲ್ಲಿ ಚೆನ್ನಾಗಿಲ್ಲ ಅಂತ ಹೇಳಬೇಕಿತ್ತು. ಮಧ್ಯದ ಹತ್ತು ನಿಮಿಷ ಎಳೆದಿದೆ, ಅದು ನಮಗೂ ಗೊತ್ತು. ಕೊಲೆಗಾರನ ನಡಿಗೆ ಸರಿ ಬಂದಿಲ್ಲ. ಇದಕ್ಕೆಲ್ಲ ದುಡ್ಡು ಬೇಕಿರಲಿಲ್ಲ, ಯೋಚನೆ ಬೇಕಿತ್ತು. ಅದನ್ನು ಹೇಳಿದ್ದರೆ ನಾವು ಏನಾದರೂ ಕಲಿಯುತ್ತಿದ್ದೆವು.

ಬಿಸಿಲೂರು:

ಬಣ್ಣದಡಬ್ಬಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಎಷ್ಟೋ ಸಲ ವಿಮರ್ಶಕರ ಕೈಗೆ ಬಂದಿದ್ದು ಪೂರ್ತಿ ಸಿನಿಮಾವೇ ಅಲ್ಲ.

1981ರ ‘ಮೈ ಬ್ಲಡಿ ವ್ಯಾಲೆಂಟೈನ್’ ಕೆನಡಾದ್ದು. ನೋವಾ ಸ್ಕೋಷಿಯಾದ ಸಿಡ್ನಿ ಮೈನ್ಸ್ ಅನ್ನುವ ಊರಿನಲ್ಲಿ, ನಿಜವಾದ ಕಲ್ಲಿದ್ದಲ ಗಣಿಯ ಒಳಗೆ ಇಳಿದು ತೆಗೆದಿದ್ದು. ಅಮೆರಿಕದ ರೇಟಿಂಗ್ ಮಂಡಳಿಯವರು ಸುಮಾರು ಒಂಬತ್ತು ನಿಮಿಷ ಕತ್ತರಿಸಿಸಿದರು. ಕೊಲೆ ಶುರುವಾಗುತ್ತದೆ, ತಟ್ ಅಂತ ಬೇರೆ ದೃಶ್ಯ. ಮೇಕಪ್‌ನವರು ವಾರಗಟ್ಟಲೆ ಕೂತು ಮಾಡಿದ್ದು ಕಸಕ್ಕೆ ಹೋಯಿತು. ಕತ್ತರಿಸಿದ್ದರಲ್ಲಿ ಒಂದಷ್ಟು ಭಾಗ 2009ರಲ್ಲಿ ಮತ್ತೆ ಸೇರಿತು. ಆಮೇಲೆ ನೋಡಿದವರ ಅಭಿಪ್ರಾಯವೇ ಬೇರೆ. ಗಣಿ ಕೆಲಸಗಾರರ ಊರು, ಅಲ್ಲಿನ ಹುಡುಗರು ಗಣಿಗೇ ವಾಪಸ್ ಬರಬೇಕಾದ ಸ್ಥಿತಿ, ಇದೆಲ್ಲ ಜನ ಈಗ ಗಮನಿಸುತ್ತಾರೆ.

ಬ್ರಿಟನ್ನಿನಲ್ಲಂತೂ ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಯಿತು. ‘ದ ಡ್ರಿಲ್ಲರ್ ಕಿಲ್ಲರ್’ ವಿಡಿಯೊ ಕ್ಯಾಸೆಟ್ಟಿನ ಜಾಹೀರಾತು ನೋಡಿ ಶುರುವಾದ ಗಲಾಟೆ. ಕೊನೆಗೆ ಅಶ್ಲೀಲ ಅಂತ ಕ್ರಮ ಕೈಗೊಳ್ಳಬಹುದಾದ 72 ಸಿನಿಮಾಗಳ ಪಟ್ಟಿ ಆಯಿತು, 1984ರಲ್ಲಿ ವಿಡಿಯೊಗಳಿಗೇ ಒಂದು ಕಾನೂನು ಬಂತು. ಕ್ಯಾಸೆಟ್ ಅಂಗಡಿಗಳ ಮೇಲೆ ಪೊಲೀಸ್ ದಾಳಿ. ಅಂಥ ಹೊತ್ತಿನಲ್ಲಿ ಯಾರು ಕೂತು ಬೆಳಕು, ಸಂಕಲನ ಅಂತ ಬರೆಯುತ್ತಾರೆ?

ಮಧ್ಯರಾತ್ರಿಶೋ:

ಹಳೆಯದನ್ನೇ ಮಾತಾಡುತ್ತಿದ್ದೀರಿ, ಈಗಿನದ್ದಕ್ಕೆ ಬರೋಣ.

‘ಟೆರಿಫೈಯರ್ 2’ ಬಂದಿದ್ದು 2022ರಲ್ಲಿ. ಸುಮಾರು ಎರಡೂವರೆ ಲಕ್ಷ ಡಾಲರ್. ಅಭಿಮಾನಿಗಳಿಂದಲೇ ದುಡ್ಡು ಎತ್ತಿದರು. ನಿರ್ದೇಶಕ ಡೇಮಿಯನ್ ಲಿಯೋನ್ ಸ್ವತಃ ಮೇಕಪ್ ಕಲಾವಿದ, ಗಾಯಗಳನ್ನೆಲ್ಲ ಕೈಯಲ್ಲೇ ಮಾಡುತ್ತಾರೆ. ಗಳಿಸಿದ್ದು ಒಂದೂವರೆ ಕೋಟಿ ಡಾಲರ್ ಆಸುಪಾಸು. 2024ರಲ್ಲಿ ಮೂರನೆಯ ಭಾಗ 20 ಲಕ್ಷ ಡಾಲರ್‌ನಲ್ಲಿ ಮಾಡಿ, ಬಿಡುಗಡೆಯಾದ ವಾರ ಅಮೆರಿಕದಲ್ಲಿ ಗಳಿಕೆಯಲ್ಲಿ ‘ಜೋಕರ್’ನ ಎರಡನೆಯ ಭಾಗವನ್ನೂ ಹಿಂದೆ ಹಾಕಿತು. ವಿಮರ್ಶಕರು ಹೊಗಳಿದ್ದೂ ಉಂಟು. 1980ರಲ್ಲಿ ಇಂಥದ್ದು ಬಂದಿದ್ದರೆ ಸಿಸ್ಕಲ್ ಏನು ಮಾಡುತ್ತಿದ್ದರೋ.

ಆದರೆ ನನಗೆ ತೃಪ್ತಿ ಇಲ್ಲ. ‘ಟೆರಿಫೈಯರ್ 2’ ಎರಡು ಗಂಟೆ 18 ನಿಮಿಷ ಇದೆ. ಅಷ್ಟು ಉದ್ದ ಯಾಕೆ ಅಂತ ಕೇಳಿದರೆ ಅಭಿಮಾನಿಗಳು ಮೈಮೇಲೆ ಬರುತ್ತಾರೆ. ಪಾಪ ಕಡಿಮೆ ದುಡ್ಡಲ್ಲಿ ಮಾಡಿದ್ದಾರೆ ಬಿಡಿ ಅನ್ನುತ್ತಾರೆ. ಕತ್ತರಿಗೆ ದುಡ್ಡು ಬೇಕಾ? 2023ರ ‘ವಿನ್ನಿ ದ ಪೂ: ಬ್ಲಡ್ ಆಂಡ್ ಹನಿ’ ನೋಡಿ. ಒಂದು ಲಕ್ಷ ಡಾಲರ್‌ಗಿಂತ ಕಡಿಮೆ. ಮಕ್ಕಳ ಕಥೆಯ ಕರಡಿಗೆ ಕಾಪಿರೈಟ್ ಮುಗಿಯಿತು ಅಂತ ಅವನನ್ನು ಕೊಲೆಗಾರ ಮಾಡಿದರು. ಅತಿ ಕೆಟ್ಟ ಸಿನಿಮಾ ಸೇರಿ ಐದು ರಾಜಿ ಪ್ರಶಸ್ತಿ ಬಂತು. ಅಲ್ಲಿ ಬೈಗುಳ ಸರಿಯಾಗಿಯೇ ಬಿತ್ತು. ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ, ‘ಹ್ಯಾಲೊವೀನ್’ನಲ್ಲಿ ಅದೇ ಕತ್ತಲೆ ಕಾಣಿಸುತ್ತದೆ. ಎರಡರ ಹತ್ತಿರವೂ ದುಡ್ಡಿರಲಿಲ್ಲ.

ಟೆಂಟ್‌ಸಿನಿಮಾ:

ಮಧ್ಯರಾತ್ರಿಶೋ, ಆ ಕೊನೆಯ ಎರಡು ಸಾಲು ನಾನು ಹೇಳಬೇಕು ಅಂದುಕೊಂಡಿದ್ದನ್ನೇ ಹೇಳಿತು.

ನಮ್ಮ ಕಡೆಯದ್ದು ಒಂದು. ನಾನು ಹೈಸ್ಕೂಲಿನಲ್ಲಿದ್ದಾಗ ಊರಲ್ಲಿ ವಿಡಿಯೊ ಕ್ಯಾಸೆಟ್ ಅಂಗಡಿ ಇತ್ತು. ಅಲ್ಲಿ ರಾಮ್ಸೆ ಸಹೋದರರ ಹಿಂದಿ ಸಿನಿಮಾಗಳಿಗೆ ಸರದಿ. ‘ಪುರಾನಾ ಮಂದಿರ್’ 1984ರದ್ದು. ಅವು ಸ್ಲ್ಯಾಷರ್ ಅಲ್ಲ, ದೆವ್ವ ಭೂತದ್ದು. ಆದರೂ ಕೆಲಸದ ರೀತಿ ಅದೇ. ಅಣ್ಣತಮ್ಮಂದಿರೇ ಕ್ಯಾಮೆರಾ, ಧ್ವನಿ, ನಿರ್ದೇಶನ ಹಂಚಿಕೊಂಡು ಕಡಿಮೆ ದುಡ್ಡಲ್ಲಿ ಮುಗಿಸುತ್ತಿದ್ದರು. ಅವರ ‘ಮಹಾಕಾಲ್’ ಅಂತೂ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನ ನೆರಳೇ. ಸಣ್ಣ ಊರುಗಳಲ್ಲಿ ಹೌಸ್‌ಫುಲ್. ದೊಡ್ಡ ವಿಮರ್ಶಕರು ಬೈಯುವ ಗೋಜಿಗೂ ಹೆಚ್ಚಾಗಿ ಹೋಗಲಿಲ್ಲ. ಕಡೆಗಣಿಸುವುದು ಬೈಗುಳಕ್ಕಿಂತ ಕೆಟ್ಟದ್ದು ಅಂತ ನನಗನ್ನಿಸುತ್ತದೆ. ಸಿಸ್ಕಲ್ ಬೈದಿದ್ದನ್ನು ನಾವು ಇವತ್ತೂ ಓದಿ ಜಗಳ ಆಡುತ್ತಿದ್ದೇವೆ. ರಾಮ್ಸೆಯವರ ಬಗ್ಗೆ ಆಗಿನ ಒಳ್ಳೆಯ ಜಗಳ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಡಕೆತೋಟ:

ಕಡೆಗಣಿಸುವುದು ಅಂದಿರಿ, ಅದಕ್ಕೆ ಒಂದು ಹೆಸರು ಹೇಳುತ್ತೇನೆ. ಏಮಿ ಹೋಲ್ಡನ್ ಜೋನ್ಸ್. 1982ರ ‘ದ ಸ್ಲಂಬರ್ ಪಾರ್ಟಿ ಮ್ಯಾಸಕರ್’ ನಿರ್ದೇಶಕಿ. ಸಂಕಲನಕಾರ್ತಿಯಾಗಿದ್ದರು. ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಸಂಕಲನದ ಕೆಲಸ ಕೈಯಲ್ಲಿತ್ತು. ಅದನ್ನು ಬಿಟ್ಟು ಇದಕ್ಕೆ ಬಂದರು, ನಿರ್ದೇಶನ ಮಾಡುವ ಅವಕಾಶ ಇಲ್ಲಿ ಮಾತ್ರ ಇತ್ತು. ನಿರ್ಮಾಪಕ ರಾಜರ್ ಕಾರ್ಮನ್ ಅವರಿಗೆ ತೋರಿಸಲು ಮೊದಲ ಕೆಲವು ದೃಶ್ಯಗಳನ್ನು ಸ್ವಂತ ಖರ್ಚಿನಲ್ಲಿ ತೆಗೆದರು. ಸ್ಕ್ರಿಪ್ಟ್ ಬರೆದದ್ದು ಸ್ತ್ರೀವಾದಿ ಲೇಖಕಿ ರೀಟಾ ಮೇ ಬ್ರೌನ್.

ಕೊಲೆಗಾರನ ಕೈಯಲ್ಲಿ ಉದ್ದನೆಯ ಡ್ರಿಲ್. ಕೊನೆಯಲ್ಲಿ ಹುಡುಗಿಯೊಬ್ಬಳು ಮಚ್ಚಿನಿಂದ ಆ ಡ್ರಿಲ್ಲಿನ ಮೂತಿ ಕತ್ತರಿಸುತ್ತಾಳೆ. ಅವನ ಮುಖ ನೋಡಬೇಕು ಆಗ. ನಮ್ಮ ಹಾಸ್ಟೆಲ್ ರೂಮಿನಲ್ಲಿ ಅದಕ್ಕೆ ಬಿದ್ದಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬಿದ್ದಿಲ್ಲ. ಆಗಿನ ಎಷ್ಟೋ ಮಂದಿಗೆ ಇದೂ ಒಂದು ಸ್ಲ್ಯಾಷರ್ ಅಷ್ಟೇ. ಹೆಣ್ಣುಮಕ್ಕಳಿಗಾಗಿ ಕಾಳಜಿ ತೋರಿದ ಹೊತ್ತಿನಲ್ಲೇ ಹೆಣ್ಣೊಬ್ಬಳು ಮಾಡಿದ್ದು ಗುಂಪಿನಲ್ಲಿ ಕಳೆದುಹೋಯಿತು. ಸಿನಿಮಾದಲ್ಲಿ ತಪ್ಪುಗಳಿವೆ. ಲಾಕರ್ ರೂಮಿನ ದೃಶ್ಯ ಕಾರ್ಮನ್ ಮಾರುಕಟ್ಟೆಗೆ ಬೇಕಾದ ಥರವೇ ಇದೆ, ನನಗೆ ಅದು ಇವತ್ತೂ ಹಿಡಿಸುವುದಿಲ್ಲ. ಅದನ್ನೂ ಬರೆಯಿರಿ, ಇದನ್ನೂ ಬರೆಯಿರಿ ಅಂತ ನನ್ನ ಆಸೆ.

ಕೊನೆಸಾಲು:

‘ಟೆಕ್ಸಸ್ ಚೈನ್ ಸಾ ಮ್ಯಾಸಕರ್’ 1974ರದ್ದು. ಸುಮಾರು 1,40,000 ಡಾಲರ್‌ನಲ್ಲಿ ಆಗಿದ್ದು. ಟೆಕ್ಸಸ್ ಬೇಸಿಗೆಯಲ್ಲಿ, ಮುಚ್ಚಿದ ಕಿಟಕಿಯ ಮನೆಯಲ್ಲಿ, ಕೊಳೆತ ಮಾಂಸದ ವಾಸನೆ ನಡುವೆ ಊಟದ ದೃಶ್ಯವನ್ನು ಒಂದೇ ಸಮ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ತೆಗೆದರು. ಎಷ್ಟೋ ದೇಶಗಳಲ್ಲಿ ಬ್ಯಾನ್ ಆಯಿತು. ಈಗ ಅದು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ‘ಹ್ಯಾಲೊವೀನ್’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 2006ರಲ್ಲಿ ಸೇರಿತು, ಇದು 2024ರಲ್ಲಿ. ಇದನ್ನು ಹಿಡಿದುಕೊಂಡು ನೋಡಿ ನಾವೇ ಗೆದ್ದೆವು ಅಂತ ಮೊದಲು ಹೇಳುತ್ತಿದ್ದೆ. ಈ ಚರ್ಚೆ ಆದ ಮೇಲೆ ಹಾಗೆ ಹೇಳಲು ಮನಸ್ಸಾಗುತ್ತಿಲ್ಲ. ಮ್ಯೂಸಿಯಂಗೆ ಹೋದದ್ದು ಎರಡು ಮೂರು. ಬಣ್ಣದಡಬ್ಬಿ ಅವರದ್ದಕ್ಕೆ ಸಿಕ್ಕಿದ್ದು ಒಂದು ಸಾಲು.

ಇನ್ನೊಂದು ನೆನಪಾಗುತ್ತಿದೆ. 1984ರ ನವೆಂಬರ್‌ನಲ್ಲಿ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಬಂತು. ಕ್ರಿಸ್‌ಮಸ್ ತಾತನ ವೇಷದ ಕೊಲೆಗಾರ. ಟಿವಿ ಜಾಹೀರಾತು ನೋಡಿ ಮಕ್ಕಳು ಹೆದರಿದರು ಅಂತ ತಂದೆತಾಯಿಗಳು ಥಿಯೇಟರ್ ಮುಂದೆ ಪ್ರತಿಭಟನೆಗೆ ನಿಂತರು. ಕೊನೆಗೆ ವಿತರಕರು ಸಿನಿಮಾ ಹಿಂತೆಗೆದುಕೊಂಡರು. ಆ ಹೊತ್ತಿಗೆ ಟಿವಿಯಲ್ಲಿ ಸಿಸ್ಕಲ್ ಅದನ್ನು ಮಾಡಿದವರ ಹೆಸರುಗಳನ್ನು ಒಂದೊಂದಾಗಿ ಓದಿ ನಿಮಗೆ ನಾಚಿಕೆಯಾಗಬೇಕು ಅಂದರು. ಆ ತಂದೆತಾಯಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ, ಜಾಹೀರಾತು ಹಾಕಿದ ಹೊತ್ತು ತಪ್ಪು. ಆದರೆ ಹೆಸರು ಓದುವುದಾದರೆ ಡೀನ್ ಕಂಡಿ ಹೆಸರನ್ನು ಅಷ್ಟೇ ಜೋರಾಗಿ ಯಾರಾದರೂ 1978ರಲ್ಲಿ ಓದಬೇಕಿತ್ತು. ಅವರು ಮುಂದೆ ‘ಜುರಾಸಿಕ್ ಪಾರ್ಕ್’ಗೆ ಛಾಯಾಗ್ರಹಣ ಮಾಡಿದರು, ಆಗ ಎಲ್ಲರಿಗೂ ಗೊತ್ತಾಯಿತು.

ಬಣ್ಣದಡಬ್ಬಿ ಅವರೇ, ನಿಮ್ಮ ಸಿನಿಮಾ ಲಿಂಕ್ ಕಳಿಸಿ. ಪೂರ್ತಿ ನೋಡಿ ಬರೆಯುತ್ತೇನೆ. ಮಧ್ಯದ ಹತ್ತು ನಿಮಿಷದ ಬಗ್ಗೆಯೂ.

ಬಣ್ಣದಡಬ್ಬಿ:

ಲಿಂಕ್ ಕಳಿಸಿದ್ದೇನೆ. ಬರೆಯಿರಿ, ಖಾರವಾಗಿದ್ದರೂ ಪರವಾಗಿಲ್ಲ.

ನೀವು ಮೊದಲು ಬರೆದ ಆ ಬಾಗಿಲಿನ ದೃಶ್ಯ ತಲೆಯಲ್ಲೇ ಉಳಿದಿತ್ತು. ನಿನ್ನೆ ರಾತ್ರಿ ಮನೆಯಲ್ಲಿ ಮಾಡಿ ನೋಡಿದೆ. ಸ್ಟೋರ್ ರೂಮಿನ ಬಾಗಿಲು ತೆರೆದಿಟ್ಟು, ಒಳಗೆ ತಂಗಿಯನ್ನು ಬಿಳಿ ಮುಖವಾಡ ಹಾಕಿ ನಿಲ್ಲಿಸಿದೆ. ಟೇಬಲ್ ಲ್ಯಾಂಪಿಗೆ ಹಳೆಯ ಫ್ಯಾನ್ ರೆಗ್ಯುಲೇಟರ್ ಜೋಡಿಸಿದೆ. ಮೊದಲ ಸಲ ಬೆಳಕು ಪಟ್ ಅಂತ ಬಂತು, ಏನೂ ಅನ್ನಿಸಲಿಲ್ಲ. ಎರಡನೆಯ ಸಲ ಗೋಡೆ ಕಾಣಿಸಿಬಿಟ್ಟಿತು. ಲ್ಯಾಂಪಿಗೆ ಕಪ್ಪು ಬಟ್ಟೆ ಸುತ್ತಿ, ಬೆರಳಗಲ ಮಾತ್ರ ಬಿಟ್ಟೆ. ಮೂರನೆಯ ಸಲ ನಿಧಾನವಾಗಿ ತಿರುಗಿಸಿದೆ. ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಿದ್ದ ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಒಳಗಿರುವುದು ತಂಗಿ ಅಂತ ಅವನಿಗೆ ಗೊತ್ತಿತ್ತು.